ನಾಯ್ಮನ್ ಎಂಬ ಮೈಕಿನ ಮನುಷ್ಯ

ನಮ್ಮ ಆಡಿಟೋರಿಯಂನ ಮಿಕ್ಸರ್ ಮೇಲೆ ಒಂದು ಪುಟ್ಟ ಗುಂಡಿ ಇದೆ, ನೀವೆಲ್ಲ ನೋಡಿರ್ತೀರಿ. ಪಕ್ಕದಲ್ಲಿ 48 ಅಂತ ಬರೆದಿದೆ. ಒತ್ತಿದರೆ ಕೆಂಪು ದೀಪ ಹತ್ತುತ್ತೆ. ರಾಜ್ಯೋತ್ಸವದ ದಿನ ಸುಮ್ಮನೆ ಅದನ್ನ ಒತ್ತಿ ಸೀನಿಯರ್‌ಗಳ ಹತ್ತಿರ ಬೈಸಿಕೊಂಡವರಲ್ಲಿ ನಾವೂ ಇದ್ದೇವೆ. ಅದಕ್ಕೆ ಫ್ಯಾಂಟಮ್ ಪವರ್ ಅಂತಾರೆ ಅಂತ ಆಮೇಲೆ ಗೊತ್ತಾಯ್ತು. ದೆವ್ವದ ಕರೆಂಟು ಅಂತ ನಾವೇ ಕನ್ನಡ ಮಾಡಿಕೊಂಡು ನಕ್ಕಿದ್ವಿ. ಆ ದೆವ್ವ ಶಿರಾ ತಾಲ್ಲೂಕಿನ ಒಂದು ಹಟ್ಟಿಯವರೆಗೂ ಹಿಂದೆ ಬಂದು ಕಾಡಿದ ಮೇಲೆ ನಗು ನಿಂತು ಹೋಯ್ತು. ಇದನ್ನ ಯಾರು ಮಾಡಿದ್ದು, ಯಾಕೆ 48, ಯಾಕೆ 50 ಅಲ್ಲ ಅಂತ ಹುಡುಕೋಕೆ ಶುರು ಮಾಡಿದ್ವಿ. ಹುಡುಕಿದಾಗ ಸಿಕ್ಕಿದ ಹೆಸರು ಗೇಯೋರ್ಗ್ ನಾಯ್ಮನ್.

ಸ್ಟುಡಿಯೋ ಫೋಟೋಗಳಲ್ಲಿ ಗಾಯಕರ ಮುಂದೆ ದಪ್ಪ ಜಾಲರಿಯ ಮೈಕು ಇರುತ್ತಲ್ಲ, ಅವುಗಳಲ್ಲಿ ಬಹಳಷ್ಟು ಇವರ ಕಂಪನಿಯವು. ಸ್ಪೆಲಿಂಗ್ ನೋಡಿ ನಾವು ನ್ಯೂಮನ್ ಅಂತಲೇ ಓದುತ್ತಿದ್ವಿ. ಜರ್ಮನ್ ಬಾಯಲ್ಲಿ ಅದು ನಾಯ್ಮನ್.

ಮೊದಲು ಹಟ್ಟಿಯ ವಿಷಯ ಹೇಳಿಬಿಡ್ತೀವಿ. ಹೋದ ಡಿಸೆಂಬರ್ ರಜೆಯಲ್ಲಿ ಕ್ಲಬ್ಬಿನ ನಾವು ನಾಲ್ಕು ಜನ ಮಧುಗಿರಿಯ ಗೆಳೆಯನ ಮನೆಯಲ್ಲಿ ಠಿಕಾಣಿ ಹೂಡಿದ್ವಿ. ಇಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬ ಎಲೆಕ್ಟ್ರಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್ (ಇವನ ಕೆಲಸ ಕೇಬಲ್ ಸುತ್ತೋದು). ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ನಾಲ್ಕೂ ತಾಲ್ಲೂಕು ಸುತ್ತಿ ಹಳಬರ ಹಾಡು ರೆಕಾರ್ಡ್ ಮಾಡೋದು ಅಂತ ಪ್ಲಾನು. ಮಧುಗಿರಿಯಲ್ಲಿ ಗೆಳೆಯನ ಅಜ್ಜಿಯೇ ಸೋಬಾನೆ ಹಾಡಿ ಬೋಣಿ ಮಾಡಿಕೊಟ್ಟರು. ಕೊರಟಗೆರೆಯಲ್ಲಿ ಬಸ್ಸಿಗೆ ಕಾದಿದ್ದು ಬಿಟ್ಟರೆ ಹೇಳಿಕೊಳ್ಳೋ ಅಂಥದ್ದೇನೂ ನಡೀಲಿಲ್ಲ. ನಮಗೆ ನಿಜವಾಗಿ ಬೇಕಾಗಿದ್ದದ್ದು ಶಿರಾ ಕಡೆಯ ಗಣೆ.

ಗಣೆ ಅಂದರೆ ಕಾಡುಗೊಲ್ಲರ ಬಿದಿರಿನ ವಾದ್ಯ. ಕೊಳಲಿನ ಜಾತಿ, ಆದರೆ ನಾವು ನೋಡಿರೋ ಕೊಳಲಿಗಿಂತ ಎಷ್ಟೋ ಉದ್ದ. ಜುಂಜಪ್ಪ ಅವರ ವೀರ, ಅವರ ದೇವರು, ದನ ಕಾದವನು. ಅವನ ಕಥೆಯನ್ನ ಹಾಡ್ತಾ, ನಡುನಡುವೆ ಗಣೆ ಊದ್ತಾ ರಾತ್ರಿ ಕಳೀತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಹತ್ತಿರ ಜುಂಜಪ್ಪನ ಗುಡ್ಡೆಯೇ ಇದೆ. ನಮಗೆ ಸಿಕ್ಕಿದ ತಾತನಿಗೆ ವಯಸ್ಸು ಎಷ್ಟು ಅಂತ ಅವರಿಗೂ ಸರಿಯಾಗಿ ಗೊತ್ತಿಲ್ಲ. ಕಥೆಯಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡಿರೋರು ಆ ಹಟ್ಟಿಯಲ್ಲಿ ಅವರೊಬ್ಬರೇ.

ಗಣೆಯ ಸದ್ದು ತುಂಬಾ ಮೆತ್ತಗೆ. ಅರ್ಧ ಸ್ವರ, ಅರ್ಧ ಉಸಿರು. ಸ್ಟೇಜಿನಲ್ಲಿ ಹಿಡಿದು ಹಾಡೋ ಡೈನಾಮಿಕ್ ಮೈಕಿಗೆ ಆ ಉಸಿರು ಸಿಗೋದಿಲ್ಲ. ಅದಕ್ಕೇ ಕಂಡೆನ್ಸರ್ ಮೈಕು ತಗೊಂಡು ಹೋಗಿದ್ವಿ. ನಮ್ಮ ಪುಟ್ಟ ರೆಕಾರ್ಡರ್‌ಗೆ ಫ್ಯಾಂಟಮ್ ಕೊಡೋ ಶಕ್ತಿ ಇಲ್ಲ, ಹಾಗಾಗಿ ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ 48 ವೋಲ್ಟ್ ಸಪ್ಲೈ ಪೆಟ್ಟಿಗೆಯೊಂದನ್ನ ನಡುವೆ ಸಿಕ್ಕಿಸಿ, ಅದರ ಅಡಾಪ್ಟರ್‌ನ್ನ ಗೋಡೆಯ ಪ್ಲಗ್ಗಿಗೆ ಹಾಕಿದ್ವಿ. ತಾತ ಎರಡು ಗಂಟೆ ಹಾಡಿದರು, ಊದಿದರು. ಹೆಡ್‌ಫೋನ್ ಹಾಕಿಕೊಂಡಿದ್ದವನಿಗೆ ಝುಂ ಅನ್ನೋ ಸದ್ದು ಮೊದಲ ನಿಮಿಷದಿಂದಲೇ ಕೇಳಿಸ್ತಿತ್ತು. ಹಾಡು ನಿಲ್ಲಿಸಿ ಅಂತ ಹೇಳೋ ಧೈರ್ಯ ಅವನಿಗೆ ಬರಲಿಲ್ಲ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆದರಾಯ್ತು ಅಂದುಕೊಂಡ. ರೂಮಿಗೆ ಬಂದು ಸ್ಪೆಕ್ಟ್ರಮ್ ನೋಡಿದರೆ 50, 100, 150 ಹರ್ಟ್ಜ್‌ನಲ್ಲಿ ಬೇಲಿ ಗೂಟದ ಹಾಗೆ ಸಾಲಾಗಿ ನಿಂತಿವೆ. ಫಿಲ್ಟರ್ ಹಾಕಿದರೆ ಗೂಟದ ಜೊತೆ ಗಣೆಯ ಕೆಳಗಿನ ಸ್ವರದ ಮೈಯೂ ಕಿತ್ತುಕೊಂಡು ಬರುತ್ತೆ. ಎರಡು ಗಂಟೆ ಹಾಡು ನಮ್ಮ ಹತ್ತಿರ ಇದೆ, ಇಲ್ಲದಂಗೂ ಇದೆ.

ಆ ರಾತ್ರಿಯ ಸಿಟ್ಟಲ್ಲಿ ಓದೋಕೆ ಶುರು ಮಾಡಿದ ಜೀವನ ಕಥೆ ಇದು.

ಗೇಯೋರ್ಗ್ ನಾಯ್ಮನ್ ಹುಟ್ಟಿದ್ದು 1898ರ ಅಕ್ಟೋಬರ್ 13ರಂದು, ಬರ್ಲಿನ್‌ನ ಈಶಾನ್ಯಕ್ಕಿರೋ ಕೋರಿನ್ ಅನ್ನೋ ಊರಲ್ಲಿ. ಹಳೇ ಇಟ್ಟಿಗೆ ಮಠವೊಂದರ ಪಾಳು ಗೋಡೆಗಳಿಂದ ಹೆಸರಾದ ಊರು. ಅಲ್ಲಿಂದ ಬರ್ಲಿನ್‌ಗೆ ಹೆಚ್ಚುಕಮ್ಮಿ ತುಮಕೂರಿಂದ ಬೆಂಗಳೂರಿನಷ್ಟು ದೂರ ಅಂತ ಇಟ್ಟುಕೊಳ್ಳಿ. ನಮ್ಮ ಕಡೆಯ ಹುಡುಗರು ಪೀಣ್ಯಕ್ಕೆ ಹೋಗೋ ಹಾಗೆ ಅವರೂ ಕೆಲಸ ಕಲಿಯೋಕೆ ಬರ್ಲಿನ್‌ಗೇ ಹೋದರು. ಮಿಕ್ಸ್ ಉಂಡ್ ಗೆನೆಸ್ಟ್ ಅನ್ನೋ ಟೆಲಿಫೋನ್ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿದರು. ಆ ಟೆಲಿಫೋನ್ ಕೆಲಸವನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಅಲ್ಲಿಂದ ಎಇಜಿ ಕಂಪನಿಯ ಆಂಪ್ಲಿಫೈಯರ್ ಲ್ಯಾಬಿಗೆ ಹೋದರು. ಅಲ್ಲಿ ಮೇಲಿನವರು ಓಯ್ಗೆನ್ ರೈಸ್. ರೈಸ್ ಸ್ವಂತ ಕಂಪನಿ ಮಾಡಿದಾಗ ನಾಯ್ಮನ್‌ರೂ ಅವರ ಹಿಂದೆ ಹೊರಟರು. 1923ರ ಹೊತ್ತು. ಅದೇ ಅಕ್ಟೋಬರ್ 29ಕ್ಕೆ ಬರ್ಲಿನ್‌ನ ಫಾಕ್ಸ್ ಹೌಸ್ ಅನ್ನೋ ಕಟ್ಟಡದಿಂದ ಜರ್ಮನಿಯ ರೇಡಿಯೋ ಶುರುವಾಯ್ತು. ರೇಡಿಯೋ ಏನೋ ಬಂತು, ಅದರ ಮುಂದೆ ಇಡೋಕೆ ಒಳ್ಳೇ ಮೈಕ್ ಎಲ್ಲಿ? ಆಗ ಇದ್ದದ್ದು ಟೆಲಿಫೋನಿನ ಕಾರ್ಬನ್ ಮೈಕು. ಹಲೋ ಅನ್ನೋಕೆ ಸಾಕು, ಪಿಟೀಲಿಗೆ ಸಾಲದು. ನಾಯ್ಮನ್ ಅದೇ ಕಾರ್ಬನ್ ಪುಡಿಯನ್ನ ತೆಳ್ಳಗೆ ಹರಡಿ, ಮೇಲೆ ರಬ್ಬರ್ ಪೊರೆ ಹಾಕಿ, ಇಡೀ ವ್ಯವಸ್ಥೆಯನ್ನ ಒಂದು ಅಮೃತಶಿಲೆಯ ದಿಮ್ಮಿಯೊಳಗೆ ಕೂರಿಸಿದರು. ಕಲ್ಲು ಭಾರ, ತಾನು ಅಲುಗಾಡೋದಿಲ್ಲ, ಅದಕ್ಕೇ ಕಲ್ಲು. ಆ ಕಾಲಕ್ಕೆ ಆಶ್ಚರ್ಯ ಅನ್ನೋಷ್ಟು ಚೆನ್ನಾಗಿ ಕೇಳಿಸ್ತಿತ್ತಂತೆ. ವರ್ಷಗಟ್ಟಲೆ ರೇಡಿಯೋ ಸ್ಟುಡಿಯೋಗಳಲ್ಲಿ ಅದೇ ನಡೀತು. ಅದಕ್ಕೆ ಬಂದ ಹೆಸರು ಮಾತ್ರ ರೈಸ್ ಮೈಕ್ರೋಫೋನ್. ಪ್ರಾಜೆಕ್ಟ್ ಮಾಡಿದವರು ಯಾರು, ಹೆಸರು ಯಾರದು ಅನ್ನೋ ಪ್ರಶ್ನೆ ಇವತ್ತಿಂದಲ್ಲ ಅಂತ ಗೊತ್ತಾಗಿ ನಮಗೆ ಸ್ವಲ್ಪ ಸಮಾಧಾನ ಆಯ್ತು.

ಕಾರ್ಬನ್ ಮೈಕಿಗೆ ಒಂದು ರೋಗ ಇದೆ. ಪುಡಿಯ ಕಣಗಳು ಒಂದಕ್ಕೊಂದು ತಾಗಿ ಸದಾ ಸರ ಸರ ಅಂತಾ ಇರುತ್ತೆ. ಅಮೆರಿಕದಲ್ಲಿ ವೆಂಟೆ ಅನ್ನೋ ಎಂಜಿನಿಯರ್ 1916ರಲ್ಲೇ ಬೇರೆ ದಾರಿ ತೋರಿಸಿದ್ದರು, ಅದು ಕಂಡೆನ್ಸರ್ ಮೈಕು. ನಾವು ಪಿಯುಸಿಯಲ್ಲಿ ಓದಿದ ಕೆಪಾಸಿಟರೇ. ಒಂದು ತಟ್ಟೆ ಗಟ್ಟಿ, ಇನ್ನೊಂದು ತೆಳ್ಳನೆಯ ಪೊರೆ. ಮಧ್ಯೆ ಕೂದಲೆಳೆಯಷ್ಟು ಗಾಳಿ. ತಟ್ಟೆಗಳಿಗೆ ಡಿಸಿ ವೋಲ್ಟೇಜ್ ಕೊಟ್ಟು ಚಾರ್ಜ್ ಕೂರಿಸಿದರೆ, ಸದ್ದಿಗೆ ಪೊರೆ ಆಡಿದ ಹಾಗೆ ಕೆಪಾಸಿಟೆನ್ಸ್ ಬದಲಾಗಿ, ವೋಲ್ಟೇಜೂ ಆಡುತ್ತೆ. ಪುಡಿ ಇಲ್ಲ, ಸರಸರ ಇಲ್ಲ. ರೈಸ್‌ಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ನಾಯ್ಮನ್‌ಗೆ ಇತ್ತು. ಅವರು ಕೆಲಸ ಬಿಟ್ಟು, ಎರಿಕ್ ರಿಕ್‌ಮನ್ ಅನ್ನೋ ಜೊತೆಗಾರನೊಂದಿಗೆ 1928ರ ನವೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಗೇಯೋರ್ಗ್ ನಾಯ್ಮನ್ ಅಂಡ್ ಕಂಪನಿ ಶುರು ಮಾಡಿದರು. ಆಗ ಅವರಿಗೆ 30 ತುಂಬಿ ಒಂದು ತಿಂಗಳು ಆಗಿತ್ತಷ್ಟೆ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ, ಪುಟ್ಟದೇ. ಮೈಕಿನ ಕ್ಯಾಪ್ಸೂಲ್ 50 ಪಿಕೊಫ್ಯಾರಡ್ ಅಂತ ಇಟ್ಟುಕೊಂಡರೆ, 50 ಹರ್ಟ್ಜ್‌ನಲ್ಲಿ ಅದರ ರಿಯಾಕ್ಟೆನ್ಸ್ ಸುಮಾರು 64 ಮೆಗಾಓಮ್. ಅಷ್ಟು ದೊಡ್ಡ ಇಂಪೆಡೆನ್ಸ್‌ನಿಂದ ಹೊರಟ ಸಿಗ್ನಲ್ ಎರಡು ಮೀಟರ್ ಕೇಬಲ್ ದಾಟೋಕೂ ಆಗೋದಿಲ್ಲ, ದಾರಿಯಲ್ಲೇ ಸಾಯುತ್ತೆ. ಅದಕ್ಕೇ ಕ್ಯಾಪ್ಸೂಲಿನ ಕುತ್ತಿಗೆಗೇ ಒಂದು ಆಂಪ್ಲಿಫೈಯರ್ ಅಂಟಿಸಬೇಕು. 1928ರಲ್ಲಿ ಆಂಪ್ಲಿಫೈಯರ್ ಅಂದರೆ ಗಾಜಿನ ವಾಲ್ವ್. ಹಾಗಾಗಿ ನಾಯ್ಮನ್‌ರ ಮೊದಲ ಮೈಕು ಸಿಎಂವಿ 3 ಸುಮಾರು 40 ಸೆಂಟಿಮೀಟರ್ ಎತ್ತರ, 3 ಕಿಲೋ ತೂಕ. ಕೆಳಗೆ ದಪ್ಪ ಸಿಲಿಂಡರ್, ಮೇಲೆ ಪುಟ್ಟ ತಲೆ. ಜನ ಅದನ್ನ ನಾಯ್ಮನ್ ಬಾಟಲಿ ಅಂತಲೇ ಕರೆದರು. ಫ್ಯಾಕ್ಟರಿಯಲ್ಲಿ ಸಾಲುಸಾಲಾಗಿ ತಯಾರಾಗಿ ಮಾರಾಟವಾದ ಜಗತ್ತಿನ ಮೊದಲ ಕಂಡೆನ್ಸರ್ ಮೈಕು ಅದು.

ನಮ್ಮ ಕಥೆಯ ದೆವ್ವ ಹುಟ್ಟಿದ್ದೂ ಇಲ್ಲೇ. ಮೈಕು ಒಳ್ಳೇದಾಗಬೇಕಾದರೆ ಅದಕ್ಕೆ ಊಟ ಹಾಕಬೇಕು. ವಾಲ್ವ್ ಕಾಯಿಸೋಕೆ ಒಂದು ಕರೆಂಟು, ಅದರ ಆನೋಡ್‌ಗೆ ಒಂದು, ಕ್ಯಾಪ್ಸೂಲ್‌ಗೆ ಒಂದು. ಪ್ರತಿ ಮೈಕಿನ ಹಿಂದೆ ಒಂದು ಸಪ್ಲೈ ಪೆಟ್ಟಿಗೆ, ಹತ್ತಾರು ಎಳೆಯ ದಪ್ಪ ಕೇಬಲ್ಲು. ಮುಂದಿನ ಸುಮಾರು 40 ವರ್ಷ ನಾಯ್ಮನ್‌ರ ಮೈಕುಗಳು ಈ ಬಾಲ ಎಳೆದುಕೊಂಡೇ ಓಡಾಡಿದವು.

1930ರ ದಶಕದಲ್ಲಿ ಕಂಪನಿ ಬೆಳೆಯಿತು. ಗ್ರಾಮಫೋನ್ ತಟ್ಟೆಯ ಮೇಲೆ ಗೀರು ಕೊರೆಯೋ ಯಂತ್ರಗಳನ್ನೂ ಮಾಡಿದರು, ಅವೂ ಹೆಸರು ಮಾಡಿದವು. ಆದರೆ ಈ ದಶಕದ ಬಗ್ಗೆ ಬರೆಯುವಾಗ ನಮ್ಮ ನಾಲ್ವರಲ್ಲೇ ಜಗಳ ಆಯ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ನಾಯ್ಮನ್ ಬಾಟಲಿ. ಹಿಟ್ಲರ್ ಭಾಷಣದ ಫೋಟೋಗಳನ್ನ ಗಮನ ಇಟ್ಟು ನೋಡಿದರೆ ಮುಂದೆ ನಿಂತಿರೋದೂ ಅದೇ ಬಾಟಲಿ. ಆ ದನಿ ಊರೂರಿಗೆ ಹೋಗಿದ್ದು ಈ ಪೊರೆ ದಾಟಿಕೊಂಡೇ. ಮೈಕಿಗೆ ಬುದ್ಧಿ ಇಲ್ಲ, ಯಾರ ಮುಂದೆ ಇಟ್ಟರೂ ಕೇಳಿಸಿಕೊಳ್ಳುತ್ತೆ ಅಂತ ಒಬ್ಬ ವಾದ ಮಾಡಿದ. ಮೈಕಿಗೆ ಇಲ್ಲದಿದ್ದರೆ ಮಾಡಿದವನಿಗೆ ಇರಬೇಕಲ್ಲ, ಸರ್ಕಾರಿ ರೇಡಿಯೋ ಅವರ ದೊಡ್ಡ ಗಿರಾಕಿ ಆಗಿತ್ತಲ್ಲ ಅಂತ ಇನ್ನೊಬ್ಬ. ಇದನ್ನ ಬಿಟ್ಟು ಬರೆಯೋಣ ಅಂತ ಮೂರನೆಯವನು ಹೇಳಿದ. ಬಿಡಬಾರದು ಅಂತ ಆಮೇಲೆ ತೀರ್ಮಾನ ಮಾಡಿದ್ವಿ. ನಾಯ್ಮನ್ ಒಳ್ಳೇ ಎಂಜಿನಿಯರ್ ಅನ್ನೋದೂ ನಿಜ, ಆ ವರ್ಷಗಳಲ್ಲಿ ಅವರ ಅನ್ನ ಎಲ್ಲಿಂದ ಬಂತು ಅನ್ನೋದೂ ನಿಜ.

ಯುದ್ಧ ಅವರ ಮನೆ ಬಾಗಿಲಿಗೂ ಬಂತು. 1943ರ ನವೆಂಬರ್‌ನಲ್ಲಿ ಬರ್ಲಿನ್ ಮೇಲೆ ಬಾಂಬುಗಳು ಬಿದ್ದಾಗ ಫ್ಯಾಕ್ಟರಿ ಸುಟ್ಟು ಹೋಯ್ತು. ಉಳಿದ ಯಂತ್ರ, ಉಳಿದ ಕೆಲಸಗಾರರನ್ನ ಕಟ್ಟಿಕೊಂಡು ತೆಂಕಣಕ್ಕೆ, ತ್ಯೂರಿಂಗನ್ ಸೀಮೆಯ ಗೆಫೆಲ್ ಅನ್ನೋ ಸಣ್ಣ ಊರಿಗೆ ಹೋದರು. ಅಲ್ಲೊಂದು ಖಾಲಿ ಬಟ್ಟೆ ಕಾರ್ಖಾನೆಯಲ್ಲಿ ಮತ್ತೆ ಮೈಕು ಮಾಡೋಕೆ ಕೂತರು. ಯುದ್ಧ ಮುಗಿದಾಗ ಗೆಫೆಲ್ ರಷ್ಯನ್ನರ ಪಾಲಿಗೆ ಬಂತು. ನಾಯ್ಮನ್ ಬರ್ಲಿನ್‌ಗೆ ವಾಪಸ್ ಬಂದು, ನಗರದ ಪಶ್ಚಿಮ ಭಾಗದಲ್ಲಿ ಮತ್ತೆ ಒಂದನೇ ದಿನದಿಂದ ಶುರು ಮಾಡಿದರು. ಹೀಗೆ ಒಂದು ಕಂಪನಿ ಎರಡಾಯ್ತು. 1961ರಲ್ಲಿ ಗೋಡೆ ಎದ್ದ ಮೇಲೆ ಎರಡೂ ಪೂರಾ ಬೇರೆಯಾದವು. ಗೆಫೆಲ್‌ನ ಅರ್ಧ ಕೊನೆಗೆ ಪೂರ್ವ ಜರ್ಮನಿಯ ಸರ್ಕಾರದ ಕೈಗೆ ಹೋಯ್ತು. ಇವತ್ತಿಗೂ ಆ ಊರಲ್ಲಿ ಮೈಕು ಮಾಡ್ತಾರೆ, ಹೆಸರು ಮೈಕ್ರೋಟೆಕ್ ಗೆಫೆಲ್.

ಈಗ ನಮಗೆ ತುಂಬಾ ಇಷ್ಟವಾದ ಭಾಗ. ಇದು ಮೈಕಿನ ವಿಷಯ ಅಲ್ಲವೇ ಅಲ್ಲ.

1947. ಊರೆಲ್ಲ ಬೂದಿ, ಸಾಮಾನು ಸಿಗ್ತಿಲ್ಲ. ಆ ಹೊತ್ತಲ್ಲಿ ನಾಯ್ಮನ್ ತಲೆ ಕೆಡಿಸಿಕೊಂಡಿದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬಗ್ಗೆ. ಆ ಬ್ಯಾಟರಿ ಸ್ವೀಡನ್‌ನ ಯುಂಗ್ನರ್ ಅನ್ನೋರು 1899ರಲ್ಲೇ ಮಾಡಿದ್ದು. ಚಾರ್ಜ್ ಮಾಡಬಹುದು, ಗಟ್ಟಿಮುಟ್ಟು. ಒಂದೇ ತೊಂದರೆ ಅಂದರೆ ಅದರ ಉಸಿರಾಟ. ಚಾರ್ಜ್ ತುಂಬಿದ ಮೇಲೂ ಕರೆಂಟು ಹರಿದರೆ ಒಳಗಿನ ನೀರು ಒಡೆದು ಆಕ್ಸಿಜನ್, ಹೈಡ್ರೋಜನ್ ಬರುತ್ತೆ. ಗ್ಯಾಸು ಹೋಗೋಕೆ ತೂತು ಬೇಕು, ಹೋದ ನೀರಿಗೆ ಮತ್ತೆ ನೀರು ಹಾಕಬೇಕು, ಓರೆ ಮಾಡಿದರೆ ಚೆಲ್ಲುತ್ತೆ. ನಮ್ಮ ಮನೆಗಳ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕ್ತಾರಲ್ಲ, ಅದೇ ಗೋಳು. ಮುಚ್ಚಿ ಬಿಟ್ಟರೆ ಒಡೆದು ಹೋಗುತ್ತೆ.

ನಾಯ್ಮನ್ ಮಾಡಿದ ಉಪಾಯ ಇಷ್ಟೇ. ಕ್ಯಾಡ್ಮಿಯಂ ಕಡೆಯ ತಟ್ಟೆಯನ್ನ ಬೇಕಾದ್ದಕ್ಕಿಂತ ದೊಡ್ಡದು ಮಾಡಿದರು. ಆಗ ನಿಕಲ್ ಕಡೆಯದು ಮೊದಲು ತುಂಬುತ್ತೆ, ಕ್ಯಾಡ್ಮಿಯಂ ಕಡೆ ಇನ್ನೂ ಜಾಗ ಇರುತ್ತೆ. ಹಾಗಾಗಿ ಹೈಡ್ರೋಜನ್ ಬರೋದೇ ಇಲ್ಲ, ಬರೋದು ಬರೀ ಆಕ್ಸಿಜನ್. ಆ ಆಕ್ಸಿಜನ್ ನಡುವಿನ ಪದರ ದಾಟಿ ಕ್ಯಾಡ್ಮಿಯಂ ಹತ್ತಿರ ಹೋಗಿ ಅಲ್ಲೇ ರಾಸಾಯನಿಕವಾಗಿ ಕರಗಿ ಹೋಗುತ್ತೆ. ಎಷ್ಟು ಗ್ಯಾಸು ಹುಟ್ಟುತ್ತೋ ಅಷ್ಟೂ ಒಳಗೇ ಖರ್ಚು. ತೂತು ಬೇಡ, ನೀರು ಬೇಡ, ತಲೆಕೆಳಗು ಮಾಡಿ ಜೇಬಿಗೆ ಹಾಕಿಕೊಂಡರೂ ಚೆಲ್ಲೋದಿಲ್ಲ. ಮುಚ್ಚಿದ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಪುಟ್ಟ ಸೆಲ್ಲು ಜಗತ್ತಿಗೆ ಬಂದದ್ದು ಈ ದಾರಿಯಲ್ಲಿ. ಇವತ್ತು ಅಂಗಡಿಯಲ್ಲಿ ಸಿಗೋ ನಿಕಲ್-ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲಿನೊಳಗೂ ಗ್ಯಾಸನ್ನ ಒಳಗೇ ತಿಂದುಬಿಡೋ ಇದೇ ತಂತ್ರ ನಡೀತಿದೆ. ನಮ್ಮ ರೆಕಾರ್ಡರ್ ನಡೆಯೋದು ಅಂಥ ಎರಡು ಸೆಲ್ಲಿನ ಮೇಲೆ. ಅಂದರೆ ಹಟ್ಟಿಯಲ್ಲಿ ತಾತನ ಮುಂದೆ ಕೂತಿದ್ದಾಗ ನಾಯ್ಮನ್ ನಮ್ಮ ಹತ್ತಿರ ಎರಡು ಕಡೆ ಇದ್ದರು, ಮೈಕಿನೊಳಗೆ ಒಮ್ಮೆ, ರೆಕಾರ್ಡರಿನ ಹೊಟ್ಟೆಯಲ್ಲಿ ಒಮ್ಮೆ. ನಮಗೇ ಗೊತ್ತಿರಲಿಲ್ಲ.

ಇದಾದ ಮೇಲೆ ಅವರ ಹೆಸರು ಜಗತ್ತಿಗೆಲ್ಲ ಗೊತ್ತಾದ ಕಾಲ. ಯು 47 ಮೈಕು 1949ರಲ್ಲಿ ಮಾರುಕಟ್ಟೆಗೆ ಬಂತು. ಎದುರಿನದ್ದು ಮಾತ್ರ ಕೇಳಿಸಿಕೊಳ್ಳೋ ಹಾಗೂ ಸುತ್ತಲೂ ಕೇಳಿಸಿಕೊಳ್ಳೋ ಹಾಗೂ ಒಂದೇ ಸ್ವಿಚ್ಚಿನಲ್ಲಿ ಬದಲಾಯಿಸಬಹುದಿತ್ತು. ಫ್ರಾಂಕ್ ಸಿನಾತ್ರಾ ಹಾಡಿದ್ದು ಇದರ ಮುಂದೆ, ಬೀಟಲ್ಸ್ ಹಾಡಿದ್ದೂ ಇದರ ಮುಂದೆ. 1960ರಲ್ಲಿ ಯು 67 ಬಂತು. ಇವುಗಳ ಬಗ್ಗೆ ಬರೆದಿರೋರು ಬೇಕಾದಷ್ಟು ಜನ ಇದ್ದಾರೆ, ನಾವು ಮುಂದೆ ಹೋಗ್ತೀವಿ.

ಟ್ರಾನ್ಸಿಸ್ಟರ್ ಬಂತಲ್ಲ, ಅದು ಎಲ್ಲ ಬದಲಾಯಿಸಿತು. ನಮ್ಮ ಮೂರನೇ ಸೆಮ್‌ನಲ್ಲಿ ಬರೋ ಎಫ್‌ಇಟಿಯೇ. ಅದಕ್ಕೆ ಕಾಯಿಸೋ ಕರೆಂಟು ಬೇಡ, ತಿನ್ನೋದು ಬಹಳ ಕಮ್ಮಿ. ಇಷ್ಟು ಕಮ್ಮಿ ತಿನ್ನೋದಾದರೆ ಬೇರೆ ಕೇಬಲ್ ಯಾಕೆ, ಸಿಗ್ನಲ್ ಹೋಗೋ ತಂತಿಯಲ್ಲೇ ಊಟ ಕಳಿಸಬಹುದಲ್ಲ? ಟೆಲಿಫೋನ್‌ನಲ್ಲಿ ಇದು ಹಳೇ ಪದ್ಧತಿ. ಲ್ಯಾಂಡ್‌ಲೈನ್ ಫೋನಿಗೆ ಬೇರೆ ಕರೆಂಟು ಬೇಕಾಗ್ತಿರಲಿಲ್ಲ, ಮಾತು ಬರೋ ಎರಡು ತಂತಿಯಲ್ಲೇ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರ್ತಿತ್ತು. ಇದ್ದ ತಂತಿಗಳಲ್ಲೇ ಇನ್ನೊಂದು ಮಾತನ್ನೂ ಕಳ್ಳದಾರಿಯಲ್ಲಿ ಕಳಿಸೋ ಸರ್ಕ್ಯೂಟಿಗೆ ಟೆಲಿಫೋನ್‌ನವರು ಫ್ಯಾಂಟಮ್ ಅಂತಲೇ ಹೆಸರಿಟ್ಟಿದ್ದರು. ಟೆಲಿಫೋನ್ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿದ್ದ ಹುಡುಗನ ಕಂಪನಿಗೆ, ಅವರಿಗೆ 67 ದಾಟಿದ ಮೇಲೆ, ಆ ಹಳೇ ತಂತ್ರ ಕೆಲಸಕ್ಕೆ ಬಂತು.

1966ರಲ್ಲಿ ನಾರ್ವೆ ದೇಶದ ರೇಡಿಯೋ ಎನ್‌ಆರ್‌ಕೆ ಹೊಸ ಟ್ರಾನ್ಸಿಸ್ಟರ್ ಮೈಕು ಕೇಳಿತು, ಸಪ್ಲೈ ಮಾತ್ರ ಸಿಗ್ನಲ್ ತಂತಿಯಲ್ಲೇ ಬರಬೇಕು ಅಂದರು. ನಾರ್ವೆಯಲ್ಲಿ ಚಳಿಗಾಲದಲ್ಲಿ ಬೆಳಕೇ ಕಮ್ಮಿ, ಅದಕ್ಕೆ ಅವರ ಸ್ಟುಡಿಯೋಗಳಲ್ಲಿ ಹೆಚ್ಚುವರಿ ದೀಪಗಳಿಗೆ ಅಂತ 48 ವೋಲ್ಟ್ ಲೈನು ಮೊದಲೇ ಇತ್ತು. ಅದನ್ನೇ ತಗೊಂಡರು. ಅಷ್ಟೇ ಕಣ್ರೀ! ಜಗತ್ತಿನ ಎಲ್ಲ ಮಿಕ್ಸರ್ ಮೇಲೂ ಇರೋ ಆ ಸಂಖ್ಯೆ ಯಾವ ಡಿರೈವೇಶನ್‌ನಿಂದಲೂ ಬಂದಿದ್ದಲ್ಲ, ದೂರದ ಚಳಿ ದೇಶವೊಂದರ ದೀಪದಿಂದ ಬಂದಿದ್ದು. ನಾಯ್ಮನ್ ಕಂಪನಿ ಹೀಗೆ ಮಾಡಿದ ಕೆಎಂ 84 ಅನ್ನೋದೇ 48 ವೋಲ್ಟ್ ಫ್ಯಾಂಟಮ್‌ನ ಮೊದಲ ಮೈಕು. ಆಮೇಲೆ ಅದು ಜರ್ಮನ್ ಸ್ಟ್ಯಾಂಡರ್ಡ್ ಆಯ್ತು, ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಆಯ್ತು.

ದೆವ್ವ ಕೆಲಸ ಮಾಡೋದು ಹೀಗೆ. ಎಕ್ಸ್‌ಎಲ್‌ಆರ್ ಪ್ಲಗ್ಗಿನಲ್ಲಿ ಮೂರು ಪಿನ್ನು. 1 ಗ್ರೌಂಡು, 2 ಮತ್ತು 3 ಸಿಗ್ನಲ್ಲು. 48 ವೋಲ್ಟನ್ನ ಎರಡು ಸಮ ರೆಸಿಸ್ಟರ್, ತಲಾ 6.8 ಕಿಲೋಓಮ್, ಮೂಲಕ 2ಕ್ಕೂ 3ಕ್ಕೂ ಒಂದೇ ಥರ ಕೊಡ್ತಾರೆ. ಮುಂದಿನ ಆಂಪ್ಲಿಫೈಯರ್ ನೋಡೋದು ಎರಡರ ನಡುವಿನ ವ್ಯತ್ಯಾಸ ಮಾತ್ರ. ಎರಡೂ 48ರಲ್ಲಿದ್ದರೆ ವ್ಯತ್ಯಾಸ ಸೊನ್ನೆ. ವೋಲ್ಟೇಜ್ ಇದೆ, ಆದರೆ ಕಾಣೋದಿಲ್ಲ. ಎರಡು ರೆಸಿಸ್ಟರ್ ಸರಿಸಮ ಇರಬೇಕು ಅನ್ನೋದು ಇದಕ್ಕೇ, 0.4 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸಮ ತಪ್ಪಿದರೆ ದೆವ್ವ ಮೈಮೇಲೆ ಬರುತ್ತೆ.

ನಮ್ಮ ಪೆಟ್ಟಿಗೆ ಬಿಚ್ಚಿ ನೋಡಿದಾಗ ತಪ್ಪು ಎಲ್ಲಿದೆ ಅಂತ ಗೊತ್ತಾಯ್ತು. ಅಡಾಪ್ಟರ್‌ನಿಂದ ಬರೋ 18 ವೋಲ್ಟ್ ಎಸಿಯನ್ನ ಡಯೋಡು, ಕೆಪಾಸಿಟರು ಹಾಕಿ ಮೆಟ್ಟಿಲು ಮೆಟ್ಟಿಲಾಗಿ 48ಕ್ಕೆ ಏರಿಸಿದ್ದಾರೆ. ಫಿಲ್ಟರ್ ಮಾಡೋಕೆ ಇರೋದು ಒಂದು ಬಡಕಲು ಕೆಪಾಸಿಟರು. ಹಟ್ಟಿಯಲ್ಲಿ ವೋಲ್ಟೇಜ್ ಇಳಿದಾಗ ಅದರ ಕೈಲಿ ಆಗ್ಲಿಲ್ಲ. ಸಾಲದ್ದಕ್ಕೆ ರೆಕಾರ್ಡರ್‌ನ 3.5 ಮಿಲಿಮೀಟರ್ ಜ್ಯಾಕ್ ಬ್ಯಾಲೆನ್ಸ್ಡ್ ಅಲ್ಲ, ವ್ಯತ್ಯಾಸ ನೋಡೋದಿಲ್ಲ, ಪಿನ್ 2ರಲ್ಲಿ ಏನಿದೆಯೋ ಎಲ್ಲ ಕೇಳಿಸಿಕೊಳ್ಳುತ್ತೆ.

ಗೋಡೆಯ ಕರೆಂಟನ್ನೇ ಬಿಡೋಣ ಅಂತ ತೀರ್ಮಾನಿಸಿದ್ವಿ. 9 ವೋಲ್ಟ್ ಬ್ಯಾಟರಿ ಐದನ್ನ ಸಾಲಾಗಿ ಜೋಡಿಸಿದರೆ 45. ಸ್ಟ್ಯಾಂಡರ್ಡ್ ಪ್ರಕಾರ 44ರಿಂದ 52ರವರೆಗೆ ಇರಬಹುದು. ಆರು ಹಾಕಿದರೆ ಹೊಸದರಲ್ಲಿ 55 ದಾಟುತ್ತೆ, ಬೇಡ. ನಮ್ಮ ಮೈಕು ತಿನ್ನೋದು ಸುಮಾರು 3 ಮಿಲಿಆಂಪ್, ಹಾಗಾಗಿ ಒಂದು ಸೆಟ್ ಬ್ಯಾಟರಿ ಹಲವು ದಿನದ ರೆಕಾರ್ಡಿಂಗ್‌ಗೆ ಬರುತ್ತೆ. ಮೆಟ್ಟಿಲ ಸರ್ಕ್ಯೂಟನ್ನ ಪೂರ್ತಿ ಬೇರ್ಪಡಿಸಿ, ರೆಸಿಸ್ಟರುಗಳು ಶುರುವಾಗೋ ಜಾಗಕ್ಕೆ ಬ್ಯಾಟರಿ ತಂದು ಸೇರಿಸಿದ್ವಿ. ಅಲ್ಲಿ ಹೊಸ ಫಿಲ್ಟರ್ ಕೆಪಾಸಿಟರ್ ಹಾಕುವಾಗ ಪ್ಲಸ್ಸು ಮೈನಸ್ಸು ತಿರುಗಿಸಿ ಹಾಕಿ, ಅದು ಉಬ್ಬಿ ಟಪ್ ಅಂತ ಒಡೆದು, ರೂಮೆಲ್ಲ ನಾತ ಹಿಡೀತು. ತಪ್ಪು ಪೂರ್ತಿ ನಮ್ಮದೇ. ಹೊರಗೆ ಹೋಗೋ ದಾರಿಯಲ್ಲಿ 48 ವೋಲ್ಟ್ ರೆಕಾರ್ಡರ್‌ಗೆ ಹೋಗದ ಹಾಗೆ 63 ವೋಲ್ಟ್ ತಡೆಯೋ 47 ಮೈಕ್ರೋಫ್ಯಾರಡ್ ಕೆಪಾಸಿಟರು, ಅದರ ಪ್ಲಸ್ ಮೈಕಿನ ಕಡೆಗೆ. ಎಲ್ಲ ಸೇರಿಸಿ ಒಂದು ಸ್ಟೀಲ್ ಟಿಫನ್ ಡಬ್ಬಿಯಲ್ಲಿ ಕೂರಿಸಿ, ಡಬ್ಬಿಗೂ ಗ್ರೌಂಡ್ ಮುಟ್ಟಿಸಿದ್ವಿ. ಡಬ್ಬಿ ಗೆಳೆಯನ ಅಮ್ಮನದು. ಅವರಿಗೆ ಇನ್ನೂ ಗೊತ್ತಿಲ್ಲ.

ಮಾಡೋರು ಯಾರಾದರೂ ಇದ್ದರೆ ಎರಡು ಮಾತು. ರೆಕಾರ್ಡರ್ ಮೆನುವಿನಲ್ಲಿ ಪ್ಲಗ್-ಇನ್ ಪವರ್ ಆಫ್ ಮಾಡಿ. ಮೊದಲು ಮೈಕು ಹಾಕಿ, ಸ್ವಿಚ್ ಹಾಕಿ, ಕೆಪಾಸಿಟರ್ ತುಂಬೋಕೆ ಅರ್ಧ ನಿಮಿಷ ಬಿಟ್ಟು ಆಮೇಲೆ ರೆಕಾರ್ಡರ್‌ಗೆ ಚುಚ್ಚಿ. ಇಲ್ಲದಿದ್ದರೆ ಆ ಡಬ್ ಅನ್ನೋ ಪೆಟ್ಟು ನೇರ ರೆಕಾರ್ಡರ್ ತಲೆಗೆ.

ಮೊದಲ ಪರೀಕ್ಷೆ ಪಾವಗಡದಲ್ಲಿ ನಡೀತು. ತಿರುಮಣಿ ಕಡೆ ಹೋದರೆ ಕಣ್ಣಿಗೆ ಕಾಣೋವರೆಗೂ ಸೋಲಾರ್ ಪ್ಯಾನೆಲ್ಲು, ಸುಮಾರು 13,000 ಎಕರೆ, 2050 ಮೆಗಾವ್ಯಾಟ್. ಅದರ ಬೇಲಿಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹಾಡುವಾಗ ಮನೆಯಲ್ಲಿ ಕರೆಂಟು ಹೋಗಿತ್ತು. ನಮ್ಮ ಡಬ್ಬಿಯ 45 ವೋಲ್ಟ್‌ಗೆ ಅದರ ಚಿಂತೆ ಇರಲಿಲ್ಲ. ಹೆಡ್‌ಫೋನ್‌ನಲ್ಲಿ ಅಜ್ಜಿಯ ಬಳೆ ಸದ್ದು ಕೂಡ ಕೇಳಿಸ್ತಿತ್ತು. ಹಿಂದೆ ಏನೂ ಇಲ್ಲ. ಪೂರ್ತಿ ಮೌನ.

ಗೇಯೋರ್ಗ್ ನಾಯ್ಮನ್ 1976ರ ಆಗಸ್ಟ್ 30ರಂದು ಬರ್ಲಿನ್‌ನಲ್ಲಿ ತೀರಿಕೊಂಡರು, 77 ವರ್ಷ. ಆಗಿನ್ನೂ ಅವರ ಊರಿನ ನಡುವೆ ಗೋಡೆ ಇತ್ತು, ಹುಟ್ಟಿದ ಕೋರಿನ್ ಗೋಡೆಯ ಆ ಕಡೆಗೇ ಉಳಿದಿತ್ತು. 1991ರಲ್ಲಿ ಕಂಪನಿಯನ್ನ ಸೆನ್‌ಹೈಸರ್ ಕೊಂಡುಕೊಂಡಿತು, ಹೆಸರು ಹಾಗೇ ಇದೆ.

ಫೆಬ್ರವರಿಯಲ್ಲಿ ಡಬ್ಬಿ ಹಿಡಿದುಕೊಂಡು ಶಿರಾದ ಹಟ್ಟಿಗೆ ಮತ್ತೆ ಹೋದ್ವಿ. ತಾತ ಜ್ವರ ಬಂದು ಎದ್ದಿದ್ದರು, ಕೆಮ್ಮು ಇನ್ನೂ ಇತ್ತು. ಗಣೆ ಊದೋಕೆ ಉಸಿರು ನಿಲ್ಲುತ್ತಿರಲಿಲ್ಲ. ಬೇಡ ಅಂದರೂ ಕೇಳದೆ ಕಥೆಯ ಒಂದು ತುಂಡು ಹಾಡಿದರು, ಇಪ್ಪತ್ತು ನಿಮಿಷ. ರೆಕಾರ್ಡಿಂಗ್ ಕನ್ನಡಿಯ ಹಾಗೆ ಬಂದಿದೆ, ಕೆಮ್ಮು ಸಮೇತ. ಹೆಡ್‌ಫೋನ್ ಹಾಕಿ ಕೇಳಿಸಿದರೆ ಸ್ವಲ್ಪ ಹೊತ್ತು ಕೇಳಿ ತೆಗೆದು ಕೊಟ್ಟರು. ಆಮೇಲೆ ಡಿಸೆಂಬರ್‌ನದನ್ನ ಹಾಕಿ ಅಂದರು. ನಮಗೆ ನಾಚಿಕೆ, ಝುಂ ಅನ್ನೋ ಸದ್ದಿದೆ ಅಂತ ಹೇಳಿದ್ವಿ. ಪರವಾಗಿಲ್ಲ ಅಂತ ಕೈಸನ್ನೆ ಮಾಡಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು ಎರಡು ಗಂಟೆಯದನ್ನೂ ಪೂರ್ತಿ ಕೇಳಿದರು. ಕೊನೆಯ ಬಸ್ಸು ಹೋಯ್ತು, ನಾವು ಅಲ್ಲೇ ಮಲಗಿದ್ವಿ.

ಎರಡೂ ಫೈಲು ಕ್ಲಬ್ಬಿನ ಡ್ರೈವಿನಲ್ಲಿವೆ. ಟಿಫನ್ ಡಬ್ಬಿ ನಮ್ಮ ರೂಮಿನಲ್ಲಿದೆ, ಊರ ಕಡೆ ಹಾಡು ಹಿಡಿಯೋಕೆ ಹೋಗೋರು ತಗೊಂಡು ಹೋಗಬಹುದು. ಬ್ಯಾಟರಿ ಮಾತ್ರ ನೀವೇ ತನ್ನಿ, ಐದು.